ಬೇಕಲದ ಕಡೆ ಊಟಕ್ಕೆ ಹೋಗುವ ಗಂಡ ಹೆಂಡತಿಯರೇ, ಮೀನು ಹೇಳುವ ಮುಂಚೆ ‘ಎತ್ರ?’ (ಎಷ್ಟು?) ಕೇಳಿ

ಮೊದಲು ಬಿಲ್ಲಿನ ಮೊತ್ತ ಹೇಳಿಬಿಡುತ್ತೇನೆ. 3,292 ರೂಪಾಯಿ. ಉಂಡವರು ಇಬ್ಬರು. ಅದರಲ್ಲಿ ನಾನು ಅರ್ಧ ಹೊಟ್ಟೆಯಲ್ಲಿ ಎದ್ದವಳು. ಇನ್ನೊಬ್ಬರು ಮೂರೂವರೆ ಗಂಟೆಗೆ ಮುಖವೆಲ್ಲ ಕೆಂಪು ಮಾಡಿಕೊಂಡು ಆಸ್ಪತ್ರೆಯ ಬೆಂಚಿನಲ್ಲಿ ಕೂತವರು. ಹೋಟೆಲಿನ ಹೆಸರು ಹಾಕುವುದಿಲ್ಲ. ಹಾಕಿದರೆ ನೀವು ಅದೊಂದನ್ನು ಬಿಟ್ಟು ಪಕ್ಕದ್ದಕ್ಕೆ ಹೋಗಿ ಇದೇ ಪಾಡು ಪಡುತ್ತೀರಿ.

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದ ಹತ್ತಿರ. ನಮ್ಮವರಿಗೆ ಶಾರ್ಜಾದಲ್ಲಿ ಕೆಲಸ. ವರ್ಷಕ್ಕೊಮ್ಮೆ ನಲವತ್ತು ದಿನ ರಜೆ. ಆ ನಲವತ್ತರಲ್ಲಿ ಬ್ಯಾಂಕು, ಸೋರುವ ಮಾಡು, ಅತ್ತೆಯ ಕಣ್ಣಿನ ಆಪರೇಷನ್, ನೆಂಟರ ಮನೆಯ ಊಟ ಎಲ್ಲ ಮುಗಿದು ನಮಗಿಬ್ಬರಿಗೆ ಅಂತ ಉಳಿದದ್ದು ಒಂದೇ ದಿನ. ಜುಲೈ ಮೊದಲ ವಾರ. ಮಗನನ್ನು ಅತ್ತೆಯ ಹತ್ತಿರ ಬಿಟ್ಟೆವು. ಬೆಳಗ್ಗಿನಿಂದ ಬರುತ್ತಿದ್ದ ಮಳೆ ಸ್ವಲ್ಪ ಬಿಟ್ಟಿತು. ಕಾಸರಗೋಡು ಪೇಟೆ ಕಳೆದು ಚಂದ್ರಗಿರಿ ಸೇತುವೆ ದಾಟಿ ಬೇಕಲದ ಕಡೆ ಹೊರಟೆವು. ಎಲ್ಲಾದರೂ ಒಳ್ಳೆ ಮೀನೂಟ ಮಾಡಿ, ಕೋಟೆ ನೋಡಿ, ಕತ್ತಲಾಗುವ ಮೊದಲು ಮನೆ ಸೇರುವುದು ಅಂತ ಲೆಕ್ಕ.

ಒಂದು ವಿಷಯ ಇಲ್ಲೇ ಹೇಳಬೇಕು. ನಾವಿಬ್ಬರೂ ಕನ್ನಡ ಮೀಡಿಯಂನಲ್ಲಿ ಕಲಿತವರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಮಲಯಾಳ ಮಾತಾಡುತ್ತೇವೆ, ಬೇಕಾದರೆ ಜಗಳವನ್ನೂ ಆಡುತ್ತೇವೆ. ಓದುವುದು ಮಾತ್ರ ಬಸ್ಸಿನ ಬೋರ್ಡಿಗೇ ಮುಗಿಯಿತು. ನಮ್ಮ ಕಡೆಯ ಎಷ್ಟೋ ಜನರ ಕಥೆ ಇದೇ ಅಲ್ವಾ?

ಹೋಟೆಲ್ ಹೊರಗಿನಿಂದ ಚೆನ್ನಾಗಿಯೇ ಇತ್ತು. ಎದುರಿಗೆ ದೊಡ್ಡ ಹಾಲ್, ಫ್ಯಾನು, ಜನವೋ ಜನ. ಮೇಜಿನ ಮೇಲೆ ಪದಿಮುಗಂ ಮರದ ಚಕ್ಕೆ ಹಾಕಿ ಕುದಿಸಿದ ಕೆಂಪು ಬಿಸಿನೀರಿನ ಜಗ್ಗು. ಗೋಡೆಯಲ್ಲಿ ರೇಟಿನ ಬೋರ್ಡು. ಅಕ್ಷರ ಮಲಯಾಳವಾದರೂ ಅಂಕಿ ಓದಲು ಯಾವ ಭಾಷೆಯೂ ಬೇಡ. ನಾವು ಒಳಗೆ ಕಾಲಿಟ್ಟದ್ದೇ ತಡ, ಒಬ್ಬ ಓಡಿ ಬಂದು, “ಫ್ಯಾಮಿಲಿ ಅಪ್ಪುರತ್ತಾಣ್ ಚೇಟ್ಟಾ,” ಅಂದ. ಫ್ಯಾಮಿಲಿ ಆ ಕಡೆ. ನಾವೂ ಕುರಿಗಳ ಹಾಗೆ ಹಿಂದೆಯೇ ಹೋದೆವು.

ಫ್ಯಾಮಿಲಿ ರೂಮ್ ಅಂದರೆ ಪ್ಲೈವುಡ್ಡಿನ ಗೂಡು, ಅದಕ್ಕೊಂದು ಪರದೆ. ಎ.ಸಿ. ಇತ್ತು. ಬೋರ್ಡು ಇಲ್ಲ, ಕೆಂಪು ನೀರಿಲ್ಲ. ಕೇಳದೆಯೇ ಒಂದು ಬಾಟಲಿ ನೀರು ತಂದಿಟ್ಟು ಮುಚ್ಚಳ ತಿರುಗಿಸಿಯೇ ಬಿಟ್ಟರು. ಕೈಗೊಂದು ಕಾರ್ಡ್ ಕೊಟ್ಟರು. ಅದರಲ್ಲಿ ಕೋಳಿಗೆ ರೇಟಿತ್ತು, ಸಿಗಡಿಗೆ ರೇಟಿತ್ತು. ಇಡೀ ಮೀನಿನ ಸಾಲಿನಲ್ಲಿ ಮಾತ್ರ ರೂಪಾಯಿಯ ಜಾಗದಲ್ಲಿ ಏನೋ ಅಕ್ಷರ. ಅದರ ಫೋಟೋ ತೆಗೆದಿದ್ದೆ. ಆಮೇಲೆ ಅಕ್ಕನ ಮಗಳು ಓದಿ ಹೇಳಿದಳು, “ವಲುಪ್ಪಂ ಅನುಸರಿಚ್ಚ್” ಅಂತ. ಗಾತ್ರ ನೋಡಿ ರೇಟು. ಕೆಲವು ಕಡೆ ಇದನ್ನೇ ಎ.ಪಿ.ಎಸ್. ಅಂತ ಹಾಕಿರುತ್ತಾರೆ, ‘ಆ್ಯಸ್ ಪರ್ ಸೈಜ್’. ಮೂರೇ ಅಕ್ಷರ, ಆದರೆ ಅದರ ಹೊಟ್ಟೆಯೊಳಗೆ ಎಷ್ಟು ಸಾವಿರ ಬೇಕಾದರೂ ಹಿಡಿಸುತ್ತದೆ.

ನಾವು ಕಾರ್ಡ್ ತಿರುಗಿಸುತ್ತಿರುವಾಗಲೇ ತಟ್ಟೆ ಬಂತು. ದೊಡ್ಡ ಸ್ಟೀಲ್ ತಟ್ಟೆಯಲ್ಲಿ ಸಾಲಾಗಿ ಮೀನು. ಮಾಂಜಿ, ಕಾಣೆ, ಒಂದು ಇಡೀ ಅಂಜಲ್. ಎಲ್ಲಕ್ಕೂ ಮೊದಲೇ ದಪ್ಪಗೆ ಮಸಾಲೆ ಬಳಿದಿದ್ದರು. ತಟ್ಟೆಯಲ್ಲಿ ಐಸ್ ಇರಲಿಲ್ಲ. ಆ ತಟ್ಟೆ ನಮ್ಮ ಮುಂಚೆ ಎಷ್ಟು ಮೇಜು ಸುತ್ತಿ ಬಂದಿತ್ತೋ ದೇವರಿಗೇ ಗೊತ್ತು.

“ಫ್ರೆಶ್ಶಾಣ್ ಚೇಚ್ಚೀ. ರಾವಿಲೆ ವನ್ನದಾ.” ಬೆಳಗ್ಗೆ ಬಂದದ್ದಂತೆ.

ಉಪ್ಪಳದ ಮಾರ್ಕೆಟ್‌ನಲ್ಲಿ ನಾನು ಮೀನು ಕೊಳ್ಳುವುದನ್ನು ನೀವು ನೋಡಬೇಕು. ಕಿವಿರು ಎತ್ತಿ ನೋಡುತ್ತೇನೆ. ಕಣ್ಣು ಗುಳಿ ಬಿದ್ದಿದೆಯಾ ನೋಡುತ್ತೇನೆ. ಬೆರಳಿನಿಂದ ಒತ್ತುತ್ತೇನೆ, ಹೊಂಡ ಹಾಗೇ ಉಳಿದರೆ ಮುಂದೆ ಹೋಗುತ್ತೇನೆ. ನೂರು ರೂಪಾಯಿಯ ಬಂಗುಡೆಗೆ ಹತ್ತು ನಿಮಿಷ ಚರ್ಚೆ ಮಾಡುವವಳು. ಅಂಥವಳು ಇಲ್ಲಿ ತಲೆಯಾಡಿಸಿದೆ. ಮಸಾಲೆಯ ಅಡಿಯಲ್ಲಿ ಕಿವಿರೂ ಕಾಣಲಿಲ್ಲ, ಕಣ್ಣೂ ಕಾಣಲಿಲ್ಲ. ಜೊತೆಗೆ ಇನ್ನೊಂದು ಪೆದ್ದುತನ. ಜುಲೈ ತಿಂಗಳಲ್ಲಿ ಬೆಳಗ್ಗೆ ಬಂದ ಅಂಜಲ್ ಎಲ್ಲಿಂದ? ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧ, ಅಂದರೆ ಯಂತ್ರದ ಬೋಟಿನಲ್ಲಿ ಬಲೆ ಎಳೆದು ಮೀನು ಹಿಡಿಯುವ ಹಾಗಿಲ್ಲ. ತಲಪಾಡಿಯಿಂದ ಆಚೆ, ಕರ್ನಾಟಕದಲ್ಲಿ, ಜೂನ್ ಜುಲೈ ಎರಡೂ ತಿಂಗಳು. ನಾಡದೋಣಿಗಳಿಗೆ ಅಡ್ಡಿಯಿಲ್ಲ, ನಿಜ. ಆದರೆ ಆ ಸಮಯದಲ್ಲಿ ಹೋಟೆಲಿನ ತಟ್ಟೆಗೆ ಬರುವ ದೊಡ್ಡ ಮೀನು ಹೆಚ್ಚಾಗಿ ದೂರದಿಂದ ಪೆಟ್ಟಿಗೆಯಲ್ಲಿ ಪಯಣ ಮಾಡಿದ್ದೇ. ಬೋಟು ಕಟ್ಟಿದ ವಿಷಯ ಕರಾವಳಿಯ ಮಕ್ಕಳಿಗೂ ಗೊತ್ತು. ನನಗೆ ಆ ಹೊತ್ತಿಗೆ ನೆನಪಾಗಲಿಲ್ಲ.

‘ಎತ್ರ?’ ಅಂತ ಒಂದು ಶಬ್ದ. ಅಷ್ಟು ಕೇಳಬೇಕಿತ್ತು. ನಾನು ಕೇಳಲಿಲ್ಲ, ಇವರೂ ಕೇಳಲಿಲ್ಲ.

ಯಾಕೆ ಅಂತ ವಾಪಸು ಬರುವಾಗ ಕಾರಿನಲ್ಲಿ ಮಾತಾಡಿಕೊಂಡೆವು. ಇವರಿಗೆ, ವರ್ಷಕ್ಕೊಮ್ಮೆ ಹೆಂಡತಿಯನ್ನು ಊಟಕ್ಕೆ ಕರೆದುಕೊಂಡು ಬಂದು ಅವಳೆದುರು ರೇಟು ಕೇಳುವುದಾ ಅಂತ. ನನಗೆ, ಇಷ್ಟು ಆಸೆಯಿಂದ ಕರೆದುಕೊಂಡು ಬಂದಿದ್ದಾರೆ, ನಾನು ದುಡ್ಡಿನ ಮಾತು ತೆಗೆದರೆ ಮುಖ ಸಣ್ಣದಾದೀತು ಅಂತ. ಸ್ನೇಹಿತರು ನಾಲ್ಕು ಜನ ಹೋಗಿದ್ದರೆ ಒಬ್ಬನಾದರೂ ಕೇಳುತ್ತಿದ್ದ. ಅಮ್ಮ ಜೊತೆಗಿದ್ದರಂತೂ ಮುಗಿದೇ ಹೋಯಿತು, ತಟ್ಟೆ ಒಳಗೆ ಬರುವ ಮೊದಲೇ ಕೇಳುತ್ತಿದ್ದರು. ಗಂಡ ಹೆಂಡತಿ ಇಬ್ಬರೇ ಪರದೆಯ ಒಳಗೆ ಕೂತರೆ ಯಾರೂ ಕೇಳುವುದಿಲ್ಲ. ಇದು ತಟ್ಟೆ ಹಿಡಿದು ಬರುವವನಿಗೆ ನಮಗಿಂತ ಚೆನ್ನಾಗಿ ಗೊತ್ತು.

ಮೀನು ಬಂತು. ನೋಡಲು ಅಂದವಾಗಿಯೇ ಇತ್ತು, ಬಾಳೆಲೆಯ ಮೇಲೆ ಈರುಳ್ಳಿ, ನಿಂಬೆ ಎಲ್ಲ ಇಟ್ಟು. ನಾನು ಬಾಲದ ಕಡೆ ಸ್ವಲ್ಪ ತಿಂದು ಸಿಗಡಿಗೆ ಹೋದೆ. ಇವರು ತಲೆಯ ಕಡೆಯಿಂದ ಶುರು ಮಾಡಿದರು. ನಾಲ್ಕು ತುತ್ತು ತಿಂದು, “ಏನೋ ನಾಲಗೆ ಚುರುಚುರು ಅನ್ನುತ್ತದೆ ಮಾರಾಯ್ತಿ,” ಅಂದರು. “ಕಾಳುಮೆಣಸು ಜಾಸ್ತಿ ಹಾಕಿದ್ದಾರೆ,” ಅಂದೆ. ಆ ಮಾತು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಬಿಲ್ ಹೀಗಿತ್ತು. ಅಂಜಲ್ 1 ಕಿಲೋ 100 ಗ್ರಾಂ, ಕಿಲೋಗೆ 2,000ದ ಲೆಕ್ಕದಲ್ಲಿ 2,200. ಊಟ ಎರಡಕ್ಕೆ 260. ಸಿಗಡಿ 280. ಲೈಮ್ ಎರಡಕ್ಕೆ 80. ನೀರು 30. ಒಟ್ಟು 2,850. ಅದರ ಮೇಲೆ ಸರ್ವಿಸ್ ಚಾರ್ಜ್ ಶೇಕಡಾ 10 ಅಂತ 285. ಅದೆಲ್ಲದರ ಮೇಲೆ ಟ್ಯಾಕ್ಸ್ ಶೇಕಡಾ 5. ತೂಕ ಮಾಡಿದ್ದು ಯಾವಾಗ, ಮಸಾಲೆ ಸೇರಿಸಿಯಾ, ಹೊಟ್ಟೆ ತೆಗೆದ ಮೇಲಾ, ಯಾರಿಗೆ ಗೊತ್ತು? ಮೀನು ಆಗಲೇ ಹೊಟ್ಟೆಯಲ್ಲಿ.

ಇವರು “ಹೋಗಲಿ ಬಿಡು” ಅಂದರು. ದಿರ್ಹಮ್‌ಗೆ ಭಾಗಿಸಿ ಸಮಾಧಾನ ಮಾಡಿಕೊಳ್ಳುವ ಅಭ್ಯಾಸ ಗಲ್ಫಿನವರಿಗೆಲ್ಲ ಇರುತ್ತದೆ. ಹೊರಗೆ ಬರುವಾಗ ನಾನು ಕೌಂಟರ್ ಹತ್ತಿರದ ಹುಡುಗನಿಂದ ಗೋಡೆಯ ಬೋರ್ಡು ಓದಿಸಿಕೊಂಡೆ. ಹಾಲ್‌ನಲ್ಲಿ ಅಯಕೂರ, ಅಂದರೆ ಅದೇ ಅಂಜಲ್, ಒಂದು ಪೀಸ್ 260. ಎರಡು ಪೀಸ್ ತೆಗೆದುಕೊಂಡಿದ್ದರೆ 520ಕ್ಕೆ ಮುಗಿಯುತ್ತಿತ್ತು.

ಈಗ ಆ ಬಿಲ್ಲಿನಲ್ಲಿ ಯಾವುದಕ್ಕೆ ಜಗಳ ಮಾಡಬಹುದು, ಯಾವುದಕ್ಕೆ ಬೇಡ ಅನ್ನುವುದನ್ನು ಹೇಳುತ್ತೇನೆ. ನೀರಿಗೆ ಬೇಡ. ಹೋಟೆಲಿನಲ್ಲಿ ಕೂತು ಕುಡಿಯುವ ಬಾಟಲಿಗೆ ಎಂ.ಆರ್.ಪಿ.ಗಿಂತ ಜಾಸ್ತಿ ತೆಗೆದುಕೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಬೇಡವಾದರೆ ಮುಚ್ಚಳ ತೆಗೆಯುವ ಮೊದಲೇ ಬೇಡ ಅನ್ನಬೇಕು, ಅಷ್ಟೇ. ಸರ್ವಿಸ್ ಚಾರ್ಜ್‌ಗೆ ಮಾತ್ರ ಖಂಡಿತ ಕೇಳಿ. ಅದನ್ನು ಬಿಲ್ಲಿಗೆ ತಾನಾಗಿ ಸೇರಿಸುವ ಹಾಗಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೇಳಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ಖುಷಿಯಿಂದ ಟಿಪ್ಸ್ ಕೊಡುವುದು ನಮ್ಮ ಇಷ್ಟ. ಅವರೇ ಬರೆದುಕೊಂಡು ಕೇಳಿದರೆ ತೆಗೆಯಿರಿ ಅನ್ನಬಹುದು.

ಟ್ಯಾಕ್ಸ್ ವಿಷಯದಲ್ಲಿ ಬಿಲ್ಲಿನ ತಲೆ ನೋಡಿ. ಜಿ.ಎಸ್.ಟಿ. ವಸೂಲಿ ಮಾಡುವವರ ಬಿಲ್ಲಿನಲ್ಲಿ 15 ಅಕ್ಷರದ ನಂಬರ್ ಇರಬೇಕು. ಕೇರಳದ್ದಾದರೆ 32ರಿಂದ ಶುರು, ಕರ್ನಾಟಕದ್ದಾದರೆ 29ರಿಂದ. ನಮ್ಮ ಬಿಲ್ಲಿನಲ್ಲಿ ನಂಬರ್ ಇರಲೇ ಇಲ್ಲ, ಸುಮ್ನೆ ‘ಟ್ಯಾಕ್ಸ್’ ಅಂತ ಇತ್ತು. ನಂಬರ್ ಇದ್ದರೂ ‘ಕಾಂಪೊಸಿಷನ್’ (ಸಣ್ಣ ವ್ಯಾಪಾರಿಗಳಿಗಿರುವ ಸರಳ ತೆರಿಗೆ ಪದ್ಧತಿ) ಅಂತ ಬರೆದಿದ್ದರೆ ಅಂಥ ಹೋಟೆಲಿನವರು ನಮ್ಮಿಂದ ಬೇರೆಯಾಗಿ ಟ್ಯಾಕ್ಸ್ ಕೇಳುವ ಹಾಗಿಲ್ಲ. ಎ.ಸಿ. ಇದೆ, ಅದಕ್ಕೆ ಟ್ಯಾಕ್ಸ್ ಜಾಸ್ತಿ ಅನ್ನುವ ಮಾತನ್ನೂ ನಂಬಬೇಡಿ. 2017ರ ನವೆಂಬರ್‌ನಿಂದ ಸಾಮಾನ್ಯ ಹೋಟೆಲಿಗೆ ಎ.ಸಿ. ಇದ್ದರೂ ಇಲ್ಲದಿದ್ದರೂ ಶೇಕಡಾ 5 ಮಾತ್ರ.

ಇನ್ನು ಆ ಚುರುಚುರು ನಾಲಗೆಯ ವಿಷಯ.

ಕೋಟೆಯೊಳಗೆ ನಡೆದು ಸಮುದ್ರದ ಕಡೆಯ ಗೋಡೆಯ ಹತ್ತಿರ ಹೋಗಿದ್ದೆವು. ಊಟ ಮುಗಿದು ಮುಕ್ಕಾಲು ಗಂಟೆಯೂ ಆಗಿರಲಿಲ್ಲ. ಇವರು ಕುತ್ತಿಗೆ ಕೆರೆದುಕೊಳ್ಳಲು ಶುರು ಮಾಡಿದರು. ನೋಡಿದರೆ ಮುಖ, ಕಿವಿ, ಎದೆ ಎಲ್ಲ ಕೆಂಪು. “ಬಿಸಿಲಿಗೆ ಇರಬೇಕು,” ಅಂದರು. ಎಲ್ಲಿಯ ಬಿಸಿಲು? ಮೇಲೆ ಕಪ್ಪು ಮೋಡ, ಕೈಯಲ್ಲಿ ಕೊಡೆ. ಆಮೇಲೆ ತಲೆನೋವು, ಎದೆ ಡವಡವ. ನನ್ನ ಕೈಕಾಲು ತಣ್ಣಗಾಯಿತು. ಕಾರು ನಾನೇ ಓಡಿಸಿದೆ.

ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, “ಏನು ಮೀನು ತಿಂದಿರಿ?” ಎರಡನೆಯದು, “ನಾಲಗೆ ಚುಚ್ಚಿತಾ?” ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

ಅವರು ಹೇಳಿದ್ದು ಇಷ್ಟು. ಬಂಗುಡೆ, ಅಂಜಲ್, ಕೇದರ್ (ಟ್ಯೂನಾ) ಇಂಥ ಮೀನುಗಳನ್ನು ಹಿಡಿದ ಮೇಲೆ ಸರಿಯಾಗಿ ಐಸಿನಲ್ಲಿ ಇಡದಿದ್ದರೆ ಅದರಲ್ಲಿ ಹಿಸ್ಟಮಿನ್ ಅನ್ನುವ ವಸ್ತು ಸೇರುತ್ತಾ ಹೋಗುತ್ತದೆ. ಒಮ್ಮೆ ಸೇರಿದರೆ ಹುರಿದರೂ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ, ಆಮೇಲೆ ಫ್ರಿಜ್‌ನಲ್ಲಿ ಇಟ್ಟರೂ ಹೋಗುವುದಿಲ್ಲ. ಮೀನು ನಾರಬೇಕೆಂದೂ ಇಲ್ಲ. ಒಂದೇ ಮೀನಿನಲ್ಲಿ ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಇರಬಹುದು. ಬಾಲ ತಿಂದ ನನಗೆ ಏನೂ ಆಗದೆ ತಲೆ ತಿಂದ ಇವರಿಗೆ ಆದದ್ದಕ್ಕೆ ಅದು ಕಾರಣವಿರಬಹುದು ಅಂದರು. ನೋಡಲು ಥೇಟ್ ಅಲರ್ಜಿಯ ಹಾಗೆ. ಎಷ್ಟೋ ಜನ ಇದನ್ನು ಮೀನಿನ ಅಲರ್ಜಿ ಅಂದುಕೊಂಡು ಜೀವಮಾನವಿಡೀ ಮೀನು ಬಿಡುತ್ತಾರಂತೆ. ಅದನ್ನು ಕೇಳಿ ಇವರಿಗೆ ತುರಿಕೆಗಿಂತ ಜಾಸ್ತಿ ಹೆದರಿಕೆಯಾಯಿತು. ಒಂದು ಇಂಜೆಕ್ಷನ್, ನಾಲ್ಕು ಮಾತ್ರೆ. ರಾತ್ರಿ ಹೊತ್ತಿಗೆ ಸರಿಯಾದರು. ಉಸಿರು ಕಟ್ಟಿದ ಹಾಗಾದರೆ, ತುಟಿ ನಾಲಗೆ ಊದಿದರೆ ಮನೆಯಲ್ಲಿ ಕಾದು ನೋಡಬೇಡಿ, ಅದು ನಿಜವಾದ ಅಲರ್ಜಿಯೂ ಆಗಿರಬಹುದು ಅಂತ ಡಾಕ್ಟರ್ ಎರಡು ಸಲ ಹೇಳಿದರು.

ನಾಚಿಕೆಯ ವಿಷಯ ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. 2,200 ಕೊಟ್ಟದ್ದಲ್ವಾ ಅಂತ ಉಳಿದ ಮೀನನ್ನು ನಾನು ಪಾರ್ಸೆಲ್ ಮಾಡಿಸಿದ್ದೆ. ಅದು ಕಾರಿನ ಹಿಂದಿನ ಸೀಟಿನಲ್ಲಿತ್ತು. ಮನೆಯಲ್ಲಿ ಮಗನಿಗೆ ಅಂತ. ಪಾರ್ಸೆಲಿನ ಮೇಲೆ ಸ್ಟಿಕ್ಕರ್ ಇರಲಿಲ್ಲ. ಕೇರಳದಲ್ಲಿ 2023ರಿಂದ ಪಾರ್ಸೆಲ್ ಕೊಡುವಾಗ ಯಾವಾಗ ಮಾಡಿದ್ದು, ಎಷ್ಟು ಹೊತ್ತಿನೊಳಗೆ ತಿನ್ನಬೇಕು ಅಂತ ಬರೆದು ಅಂಟಿಸಬೇಕೆಂದು ನಿಯಮವಿದೆ. ಆ ನಿಯಮ ಎಲ್ಲಿಂದಲೋ ಬಂದದ್ದಲ್ಲ. 2022ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಒಬ್ಬಳು ವಿದ್ಯಾರ್ಥಿನಿ ತೀರಿಕೊಂಡದ್ದು ನೆನಪಿರಬಹುದು. ಆಸ್ಪತ್ರೆಯ ಹೊರಗಿನ ಕಸದ ಡಬ್ಬಿಗೆ ಆ ಪಾರ್ಸೆಲ್ ಹಾಕುವಾಗ ನನ್ನ ಕೈ ನಡುಗಿತು. ದುಡ್ಡು ಹೋದ ಸಂಕಟಕ್ಕೆ ಮಗುವಿಗೆ ತಿನ್ನಿಸುತ್ತಿದ್ದೆ.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು, ದೂರಿನ ನಂಬರ್ ಕೊಟ್ಟರು. ಬಿಲ್ಲಿನ ಫೋಟೋ ಇದ್ದದ್ದು ಒಳ್ಳೆಯದಾಯಿತು. ಬಿಲ್ ಬಿಸಾಡಬೇಡಿ. ಹೋಟೆಲಿಗೂ ಇವರು ಫೋನ್ ಮಾಡಿದರು. “ಸರ್ವಿಸ್ ಚಾರ್ಜ್ ವಾಪಸು ಕೊಡುತ್ತೇವೆ, ಬಂದು ತೆಗೆದುಕೊಂಡು ಹೋಗಿ,” ಅಂದರಂತೆ. 285 ರೂಪಾಯಿಗೆ ಪುನಃ ಬೇಕಲಕ್ಕೆ ಹೋಗಬೇಕು. ಮೀನಿನ ಮಾತು ತೆಗೆದದ್ದಕ್ಕೆ, “ಬೇರೆ ಯಾರಿಗೂ ಏನೂ ಆಗಲಿಲ್ಲವಲ್ಲ,” ಅಂತ ಫೋನ್ ಇಟ್ಟರು.

ಹಾಗಂತ ಹೊರಗೆ ಊಟ ಬಿಟ್ಟಿಲ್ಲ. ಇವರು ಹೊರಡುವ ಎರಡು ದಿನ ಮೊದಲು ಕುಂಬಳೆಯ ಕಡೆ ಒಂದು ಸಣ್ಣ ಹೋಟೆಲಿಗೆ ಹೋದೆವು. ಪರದೆ ಇಲ್ಲ, ಎ.ಸಿ. ಇಲ್ಲ. ಮೇಜು ಅಲ್ಲಾಡುತ್ತಿತ್ತು. ಒಂದು ಕಪ್ಪು ಬೋರ್ಡಿನಲ್ಲಿ ಚಾಕ್‌ನಿಂದ ಬಂಗುಡೆ 60 ಅಂತ ಬರೆದಿತ್ತು. ಅದೂ ಕನ್ನಡದಲ್ಲಿ. ಇವರು ಕೂರುವ ಮೊದಲೇ, “ಎತ್ರ?” ಅಂದರು. ಆ ಯಜಮಾನರು ಇವರ ಮುಖ ನೋಡಿದರು, ಬೋರ್ಡು ನೋಡಿದರು. ಆಮೇಲೆ ತುಳುವಿನಲ್ಲಿ, ಬೋರ್ಡಿನಲ್ಲೇ ಇದೆಯಲ್ಲಾ ಅನ್ನುವ ಹಾಗೆ, “ಬೋರ್ಡ್‌ಡ್ ಉಂಡತ್ತಾ ಮಾರಾಯ್ರೆ?” ಅಂದರು.