ಸಾಬೂನಿನ ಒಡಲ ಬಿಸಿ ಅಳೆಯಲು ಕಡ್ಡಿ ಥರ್ಮಾಮೀಟರೇ ಸರಿ

ಕೋಲ್ಡ್ ಪ್ರೊಸೆಸ್ ವಿಧಾನದಲ್ಲಿ, ಅಂದರೆ ಮಿಶ್ರಣವನ್ನು ಒಲೆಯ ಮೇಲೆ ಬೇಯಿಸದೆ, ಸಾಬೂನು ತಯಾರಿಸುವವರಿಗೆ ಥರ್ಮಾಮೀಟರ್ ಎರಡು ಹಂತಗಳಲ್ಲಿ ಬೇಕಾಗುತ್ತದೆ: ಕಾಸ್ಟಿಕ್ ಸೋಡಾ ದ್ರಾವಣವನ್ನು ಎಣ್ಣೆಗೆ ಬೆರೆಸುವ ಮುನ್ನ ಒಮ್ಮೆ, ಮಿಶ್ರಣವನ್ನು ಅಚ್ಚಿಗೆ ಸುರಿದ ಮೇಲೆ ಇನ್ನೊಮ್ಮೆ. ನಾನು ಮೊದಲು ಕೊಂಡದ್ದು ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್. ಈಗ ಆರು ತಿಂಗಳಿಂದ ಉದ್ದನೆಯ ಸ್ಟೀಲ್ ಕಡ್ಡಿಯ ಡಿಜಿಟಲ್ ಥರ್ಮಾಮೀಟರನ್ನೂ ಬಳಸುತ್ತಿದ್ದೇನೆ.

ಬೆರೆಸುವ ಹಂತಕ್ಕೆ ಗನ್ ಅನುಕೂಲಕರ. ಎಣ್ಣೆ ಮತ್ತು ದ್ರಾವಣ ಎರಡೂ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಿವೆಯೇ ಎಂದು ಯಾವುದನ್ನೂ ಮುಟ್ಟದೆ ಕ್ಷಣದಲ್ಲಿ ತಿಳಿಯಬಹುದು. ಆದರೆ ಹೊಳೆಯುವ ಸ್ಟೀಲ್ ಪಾತ್ರೆಯ ಗೋಡೆಗೆ ಗುರಿಯಿಟ್ಟರೆ ಅದು ಇರುವುದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಆದ್ದರಿಂದ ಆವಿ ಅಡಗಿದ ಮೇಲೆ, ಚೆನ್ನಾಗಿ ಕಲಕಿ, ದ್ರವದ ಮೇಲೆಯೇ ನೇರವಾಗಿ ಹಿಡಿಯಬೇಕು.

ಅದು ಸೋಲುವುದು ಅಚ್ಚಿನ ಮುಂದೆ. ಸಾಬೂನು ತನ್ನ ರಾಸಾಯನಿಕ ಕ್ರಿಯೆಯಿಂದಲೇ ಕಾಯುತ್ತಾ ಹೋಗಿ, ನೀರಿನ ಪ್ರಮಾಣಕ್ಕೆ ತಕ್ಕಂತೆ ಸುಮಾರು 60ರಿಂದ 80 ಡಿಗ್ರಿಯ ನಡುವೆ ಜೆಲ್ ಹಂತಕ್ಕೆ, ಅಂದರೆ ಮೆದುವಾಗಿ ಅರೆಪಾರದರ್ಶಕ ಲೋಳೆಯಂತಾಗುವ ಸ್ಥಿತಿಗೆ, ಬರುತ್ತದೆ. ನೀರು ಹೆಚ್ಚಿದ್ದಷ್ಟೂ ಕಡಿಮೆ ಬಿಸಿಯಲ್ಲೇ ಜೆಲ್ ಆಗುತ್ತದೆ. ಈ ಬದಲಾವಣೆ ನಡುಭಾಗದಲ್ಲಿ ಹುಟ್ಟಿ ಅಂಚಿನ ಕಡೆಗೆ ಹರಡುತ್ತದೆ, ಗನ್ ಕಾಣುವುದಾದರೋ ಮೇಲ್ಮೈಯನ್ನು ಮಾತ್ರ. ಹಾಲು ಮತ್ತು ಜೇನು ಸೇರಿಸಿದ ಒಂದು ಸಾಬೂನಿನ ಮೇಲೆ ಅದು 46 ಎಂದು ತೋರಿಸಿದ್ದರಿಂದ ನಾನು ನಿಶ್ಚಿಂತೆಯಿಂದ ಮುಚ್ಚಿಟ್ಟೆ. ಮರುದಿನ ಮೇಲೆ ಉದ್ದಕ್ಕೂ ಬಿರುಕು ಬಿಟ್ಟಿತ್ತು; ಕತ್ತರಿಸಿದರೆ ಪ್ರತಿ ತುಂಡಿನ ಮಧ್ಯದಲ್ಲಿ ಗಾಢ ಬಣ್ಣದ ಮೊಟ್ಟೆಯಾಕಾರ, ಸುತ್ತ ಮಸುಕಾದ ಅಂಚು. ಅದೇ ಪಾಕವನ್ನು ಮತ್ತೆ ಮಾಡಿ ನಡುವೆ ಕಡ್ಡಿ ಇಳಿಸಿದಾಗ, ಮೇಲ್ಮೈ ಇನ್ನೂ 47 ಇರುವಾಗಲೇ ಒಳಗೆ 68 ಇತ್ತು.

ಜೆಲ್ ಆದರೆ ಬಣ್ಣಗಳು ಗಾಢವಾಗಿ ಮೂಡುತ್ತವೆ, ಆಗದಿದ್ದರೆ ಹಾಲಿನ ತಿಳಿ ಬಣ್ಣ ಉಳಿಯುತ್ತದೆ. ಎರಡೂ ಒಳ್ಳೆಯ ಸಾಬೂನೇ. ನನ್ನ ಆ ಮೊದಲ ಸಾಬೂನಿನಂತೆ ನಡುವೆ ಮಾತ್ರ ಅರ್ಧಂಬರ್ಧ ಜೆಲ್ ಆದದ್ದು ನೋಟಕ್ಕಷ್ಟೇ ಕೆಡುತ್ತದೆ. ಜೆಲ್ ಬೇಕಿದ್ದರೆ ಅಚ್ಚಿಗೆ ಕಂಬಳಿ ಹೊದಿಸುತ್ತೇನೆ, ಬೇಡವಾದರೆ ಸುರಿದ ಕೂಡಲೇ ಫ್ರಿಜ್ಜಿನಲ್ಲಿಡುತ್ತೇನೆ. ಅಷ್ಟು ತಂಪು ಅಥವಾ ಅಷ್ಟು ಹೊದಿಕೆ ಸಾಕಾಯಿತೇ ಎಂಬುದನ್ನು ಕಡ್ಡಿಯೇ ಹೇಳಬೇಕು.

ಇದರಲ್ಲೂ ಕುಂದುಗಳಿವೆ. ಅಂಕಿ ನಿಲ್ಲಲು ಎಂಟು ಹತ್ತು ಸೆಕೆಂಡು ಬೇಕು, ಹಿಡಿಕೆಯ ಸಂದಿಗೆ ನೀರು ಇಳಿಯುತ್ತದೆ, ಹತ್ತು ನಿಮಿಷಕ್ಕೆ ತಾನಾಗಿ ಆರಿಹೋಗುತ್ತದೆ. ಕಡ್ಡಿಗೆ ಅಂಟಿದ ಹಸಿ ಸಾಬೂನು ಚರ್ಮವನ್ನು ಸುಡುವುದರಿಂದ ಕೈಗವಸು ಹಾಕಿಯೇ ತೊಳೆಯಬೇಕು. ಸಾಬೂನಿನಲ್ಲಿ ಸಣ್ಣ ತೂತೂ ಉಳಿಯುತ್ತದೆ. ಎಲ್ಲಿ ಕತ್ತರಿಸುವೆವೋ ಆ ಗೆರೆಯ ಮೇಲೆಯೇ ಚುಚ್ಚಿದರೆ ಅದು ಅಷ್ಟಾಗಿ ಕಾಣದು.

ಒಂದನ್ನೇ ಕೊಳ್ಳುವವರು ಕಡ್ಡಿಯದನ್ನೇ ಕೊಳ್ಳಲಿ, ಕಡ್ಡಿ ಸ್ಟೀಲಿನದೇ ಆಗಿರಲಿ. ಅಲ್ಯೂಮಿನಿಯಂ ಕಾಸ್ಟಿಕ್ ಸೋಡಾದೊಂದಿಗೆ ವರ್ತಿಸುತ್ತದೆ. ತಂದ ದಿನವೇ ಪುಡಿ ಮಾಡಿದ ಐಸ್ ತುಂಬಿದ ನೀರಿನಲ್ಲಿ ಅದ್ದಿ, ಸೊನ್ನೆಯ ಹತ್ತಿರ ನಿಲ್ಲುತ್ತದೆಯೇ ನೋಡಿ. ನನ್ನದು 0.4ಕ್ಕೆ ನಿಂತಿತು, ಸಾಬೂನಿನ ಕೆಲಸಕ್ಕೆ ಅದು ಧಾರಾಳವಾಗಿ ಸಾಕು.