ಮ್ಯಾಂಜನಾರ್: ಡೆತ್ ವ್ಯಾಲಿಗೆ ಹೋಗುವವರು ಇಲ್ಲಿ ಅರ್ಧ ದಿನ ಇಳಿಯಿರಿ

ಕ್ಯಾಲಿಫೋರ್ನಿಯಾದ 395ನೇ ಹೆದ್ದಾರಿಯಲ್ಲಿ ನಾವು ಎರಡು ಸಲ ಈ ಜಾಗವನ್ನು ನೋಡದೆ ದಾಟಿದ್ದೆವು. ಹೋದ ನವೆಂಬರ್‌ನಲ್ಲಿ ಶ್ರೀನಿವಾಸಪುರದಿಂದ ಅಪ್ಪ ಬಂದಿದ್ದರು. ರಸ್ತೆ ಪಕ್ಕದ ಕಾವಲು ಗೋಪುರ ಕಂಡು, "ಇದೇನಮ್ಮಾ, ಜೈಲಾ?" ಅಂದರು. ಕಾರು ನಿಲ್ಲಿಸಿದೆ.

ಎರಡನೇ ಮಹಾಯುದ್ಧದ ಕಾಲದ ಬಂಧನ ಶಿಬಿರವಾದ ಈ ಮ್ಯಾಂಜನಾರ್ ಇರುವುದು ಇನ್ಯೋ ಕೌಂಟಿಯಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ವಿಸ್ತೀರ್ಣದಲ್ಲಿ ಕೋಲಾರ ಜಿಲ್ಲೆಯ ಆರು ಪಟ್ಟಿಗೂ ಜಾಸ್ತಿ. ಜನ ಮಾತ್ರ 2020ರ ಗಣತಿಯಲ್ಲಿ ಸುಮಾರು 19,000. 4,421 ಮೀಟರ್ ಎತ್ತರದ ಮೌಂಟ್ ವಿಟ್ನಿ ಈ ಕೌಂಟಿಯ ಅಂಚಿನಲ್ಲಿದೆ. ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿರುವ, ಡೆತ್ ವ್ಯಾಲಿಯ ಬ್ಯಾಡ್‌ವಾಟರ್ ತಗ್ಗು ಕೂಡ ಇಲ್ಲೇ. ಪ್ರವಾಸಿಗಳು ಬರುವುದು ಇವೆರಡಕ್ಕೇ. ಆದರೆ ಇಲ್ಲಿನ ಜನರ ಕಥೆ ತಿಳಿಯಬೇಕಾದರೆ ಮ್ಯಾಂಜನಾರ್‌ಗೇ ಬರಬೇಕು.

ಪ್ರವೇಶಕ್ಕೆ ದುಡ್ಡಿಲ್ಲ. ಹಳೆಯ ಸಭಾಂಗಣವೇ ಈಗ ಮ್ಯೂಸಿಯಂ. ಎರಡನೇ ಮಹಾಯುದ್ಧದಲ್ಲಿ, 1942ರಿಂದ 1945ರವರೆಗೆ, ಅಮೆರಿಕ ಸರ್ಕಾರ ಜಪಾನಿ ಮೂಲದ ಸಾವಿರಾರು ಜನರನ್ನು ಮನೆ ಅಂಗಡಿ ಬಿಡಿಸಿ ಇಲ್ಲಿ ಕೂಡಿಹಾಕಿತು. ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಒಂದು ಹೊತ್ತಿನಲ್ಲಿ ಒಳಗಿದ್ದವರು 10,000ಕ್ಕೂ ಜಾಸ್ತಿ. 1940ರ ಗಣತಿಯಲ್ಲಿ ಇಡೀ ಇನ್ಯೋ ಕೌಂಟಿಯ ಜನ ಅಷ್ಟು ಇರಲಿಲ್ಲ. ಅಂದರೆ ಮುಳ್ಳುತಂತಿಯ ಒಳಗಿದ್ದವರೇ ಹೊರಗಿದ್ದವರಿಗಿಂತ ಹೆಚ್ಚು. ಒಳಗೆ ಅವರೆಲ್ಲರ ಹೆಸರು ಬರೆದ ದೊಡ್ಡ ಪರದೆ ತೂಗುಹಾಕಿದ್ದಾರೆ. ಒಂದೇ ಮನೆತನದ ಹೆಸರು ಸಾಲುಸಾಲಾಗಿ ಬರುತ್ತದೆ. ನಾನು ಅಲ್ಲಿ ತುಂಬಾ ಹೊತ್ತು ನಿಂತೆ.

ಹೊರಗೆ ಆಗಿನ ಹಾಗೆಯೇ ಮತ್ತೆ ಕಟ್ಟಿದ ಮರದ ಬ್ಯಾರಕ್‌ಗಳಿವೆ. 20 ಅಡಿಗೆ 25 ಅಡಿಯ ಒಂದು ಕೋಣೆಯಲ್ಲಿ ಎಂಟು ಜನ. ಹುಲ್ಲು ತುಂಬಿದ ಹಾಸಿಗೆ. ಹಲಗೆ ಸಂದಿಯಿಂದ ಧೂಳು. ಹೆಂಗಸರ ಶೌಚಾಲಯದಲ್ಲಿ ಮೊದಲು ನಡುವೆ ಮರೆಯೇ ಇರಲಿಲ್ಲವಂತೆ. ಅದನ್ನು ಓದಿದ ಮೇಲೆ ಅಪ್ಪನ ಮುಖ ನೋಡಲು ನನಗೆ ಆಗಲಿಲ್ಲ.

ಮ್ಯೂಸಿಯಂನವರು ಯುದ್ಧದ ಕಥೆಯನ್ನಷ್ಟೇ ಹೇಳಿ ನಿಲ್ಲಿಸಿಲ್ಲ. ಅದು ನನಗೆ ತುಂಬಾ ಹಿಡಿಸಿತು. ಮೊದಲು ಈ ಕಣಿವೆ ಪಯೂಟ್ ಎಂಬ ಮೂಲನಿವಾಸಿ ಜನರದ್ದು. ಅವರು ಕಾಲುವೆ ತೋಡಿ ನೀರು ಹಾಯಿಸುತ್ತಿದ್ದರು. 1863ರಲ್ಲಿ ಸೈನ್ಯ ಅವರಲ್ಲಿ ಸುಮಾರು 1,000 ಜನರನ್ನು ಇಲ್ಲಿಂದ ನಡೆಸಿಕೊಂಡು ಹೋಯಿತು. ಆಮೇಲೆ ರೈತರು ಬಂದು ಸೇಬು, ಪೇರ್ ಬೆಳೆದರು. ಮ್ಯಾಂಜನಾರ್ ಅಂದರೆ ಸ್ಪ್ಯಾನಿಷ್‌ನಲ್ಲಿ ಸೇಬಿನ ತೋಟ ಎಂದೇ ಅರ್ಥ. 1913ರಲ್ಲಿ ಲಾಸ್ ಏಂಜಲೀಸ್ ನಗರ ಈ ಕಣಿವೆಯ ನೀರನ್ನು ಕಾಲುವೆಯಲ್ಲಿ ಒಯ್ಯಲು ಶುರುಮಾಡಿತು. ದಕ್ಷಿಣಕ್ಕಿದ್ದ ಓವೆನ್ಸ್ ಕೆರೆ ಬತ್ತಿತು. ನಗರ ಇಲ್ಲಿನ ಜಮೀನನ್ನೂ ಕೊಂಡಿತು. ರೈತರು ಊರು ಬಿಟ್ಟರು. ಒಂದೇ ನೆಲದಿಂದ ಮೂರು ಸಲ ಜನ ಎದ್ದು ಹೋಗಿದ್ದಾರೆ, ಅಲ್ವಾ?

ಅಪ್ಪ ಮಾವಿನ ತೋಟದವರು. "ನಮ್ಮ ಕೋಲಾರದ ಕೆರೆಗೆ ಬೆಂಗಳೂರಿನವರು ಬಳಸಿದ ನೀರನ್ನ ಶುದ್ಧ ಮಾಡಿ ಬಿಡ್ತಾರೆ. ಇಲ್ಲಿ ಊರಿನ ನೀರೇ ಪಟ್ಟಣಕ್ಕೆ ಹೋಯ್ತಾ?" ಎಂದು ಕೇಳಿ ಸುಮ್ಮನಾದರು.

ಕಾರಿನಲ್ಲೇ ಸುತ್ತಲು ಐದು ಕಿಲೋಮೀಟರ್‌ನಷ್ಟು ದಾರಿ ಇದೆ. ಎಲ್ಲ ಕಡೆ ಇಳಿಯುತ್ತಾ ಹೋಗಿ. ಬಂಧಿಗಳು ಕಲ್ಲು ಜೋಡಿಸಿ ಮಾಡಿಕೊಂಡ ಕೊಳ, ತೋಟಗಳನ್ನು ಮಣ್ಣಿನಡಿಯಿಂದ ಅಗೆದು ತೆಗೆದಿದ್ದಾರೆ. ಊಟಕ್ಕೆ ಎಂದು ಕ್ಯೂ ನಿಲ್ಲಬೇಕಾದವರು ಆ ಕ್ಯೂ ಪಕ್ಕದಲ್ಲೇ ಕೊಳ ಕಟ್ಟಿದ್ದರು. ಸ್ಮಶಾನದಲ್ಲಿ 1943ರಲ್ಲಿ ಅವರೇ ಕಟ್ಟಿದ ಬಿಳಿ ಸ್ತಂಭ ಇದೆ, ಹಿಂದೆ ಸಿಯೆರಾ ಬೆಟ್ಟ. ನಾವು ಹೋದಾಗ ಅದರ ಬುಡದಲ್ಲಿ ಕಾಗದದ ಕೊಕ್ಕರೆಗಳಿದ್ದವು.

ಊಟ, ನೀರು ಕಟ್ಟಿಕೊಂಡೇ ಹೋಗಿ. ನೆರಳು ಕಡಿಮೆ, ಗಾಳಿ ಜೋರು. ವಯಸ್ಸಾದವರಿಗೆ ಟೋಪಿ, ಸ್ವೆಟರ್ ಎರಡೂ ಬೇಕು. ಫಲಕಗಳಲ್ಲಿ ಓದುವುದು ಜಾಸ್ತಿ. ಅಪ್ಪನಿಗೆ ನಾನು ಒಂದೊಂದನ್ನೂ ಕನ್ನಡದಲ್ಲಿ ಹೇಳುತ್ತಾ ಹೋದೆ, ಮೂರೂವರೆ ತಾಸು ಹಿಡಿಯಿತು. ಲೋನ್ ಪೈನ್ ಊರಿನಿಂದ ಉತ್ತರಕ್ಕೆ ಸುಮಾರು 15 ಕಿಲೋಮೀಟರ್, ಎಡಗಡೆಗೆ ಸಿಗುತ್ತದೆ.

ಹಳೆಯ ರೈತರು ನೆಟ್ಟ ಪೇರ್ ಮರಗಳು ಕೆಲವು ಇನ್ನೂ ಇವೆ. ಬಂಧಿಗಳೂ ಅವನ್ನು ನೋಡಿಕೊಂಡಿದ್ದರು. ಅಪ್ಪ ಒಂದು ಮರದ ಸುತ್ತ ಎರಡು ಸಲ ಬಂದು, ರೆಂಬೆ ಕತ್ತರಿಸಿದ್ದ ಜಾಗವನ್ನು ಬೆರಳಲ್ಲಿ ಮುಟ್ಟಿ ನೋಡಿದರು. "ಚೆನ್ನಾಗಿ ಸವರಿದ್ದಾರೆ," ಅಂದರು.