ಪ್ರಾಗ್‌ನಲ್ಲಿ ಕೆಂಪು ಕಲ್ಲಿನ ಒಡವೆ ಕೊಳ್ಳುವ ಮುನ್ನ ಇದನ್ನು ಓದಿ

ಪ್ರಾಗ್‌ಗೆ ಹೋದವರು ಚಾರ್ಲ್ಸ್ ಸೇತುವೆ ದಾಟಿ ಕಾರ್ಲೋವಾ ಬೀದಿ ಹಿಡಿದು ಹಳೇ ಪೇಟೆಯ ಚೌಕಕ್ಕೆ ಬರುತ್ತಾರೆ. ಅಲ್ಲೆಲ್ಲ ಗಾಜಿನ ಸಾಮಾನು, ಒಡವೆ, ಹಳೇ ವಸ್ತುಗಳ ಅಂಗಡಿಗಳೇ. ಹೆಜ್ಜೆಗೊಂದು ‘ಬೊಹೀಮಿಯನ್ ಗಾರ್ನೆಟ್’ ಬೋರ್ಡು. ಅಂದರೆ ಜೆಕ್ ದೇಶದ ಬೊಹೀಮಿಯಾ ಪ್ರಾಂತ್ಯದಲ್ಲಿ ಸಿಗುವ ಕೆಂಪು ಕಲ್ಲು. ದಯವಿಟ್ಟು ಆ ಬೋರ್ಡನ್ನಷ್ಟೇ ನಂಬಿ ದುಡ್ಡು ಕೊಡಬೇಡಿ.

ಊರಿಂದ ಬಂದಿದ್ದ ಅಮ್ಮನನ್ನು ನಾವಿರುವ ಮ್ಯೂನಿಕ್‌ನಿಂದ ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಅಮ್ಮನಿಗೆ ಕೆಂಪು ಕಲ್ಲಿನ ಓಲೆ ಅಂದರೆ ಪ್ರಾಣ. ಒಂದು ಅಂಗಡಿಯಾಕೆ ಕೂರಿಸಿ, ನೀರು ಕೊಟ್ಟು, ದೊಡ್ಡ ಒಂಟಿ ಕಲ್ಲಿನ ಓಲೆ ತೋರಿಸಿದಳು. ಇಲ್ಲಿಯ ಮಣ್ಣಿನಲ್ಲೇ ಸಿಕ್ಕ ಕಲ್ಲು, ಹಳೇ ಮನೆತನದ ಒಡವೆ ಎಂದಳು. ಬೆಲೆ 7,900 ಕೊರುನಾ (ಜೆಕ್ ದೇಶದ ಹಣ). ಜೊತೆಗೊಂದು ಸರ್ಟಿಫಿಕೇಟ್, ಅದೂ ಅಂಗಡಿಯವರೇ ಅಚ್ಚು ಹಾಕಿಸಿದ್ದು. ಕಾರ್ಡ್ ಉಜ್ಜುವಾಗ ನಮ್ಮನ್ನು ಕೇಳದೆಯೇ ಯೂರೋ ಗುಂಡಿ ಒತ್ತಿಬಿಟ್ಟಳು. ಹಾಗೆ ಮಾಡಿದರೆ ಅವರ ಯಂತ್ರದ ದುಬಾರಿ ವಿನಿಮಯ ದರವೇ ಬೀಳುತ್ತದೆ. ಯಾವಾಗಲೂ ಕೊರುನಾದಲ್ಲೇ ಕೊಡಿ.

ತಿರುಪು ಸಡಿಲವಾಗಿದೆ ಅಂತ ಮ್ಯೂನಿಕ್‌ನ ಅಕ್ಕಸಾಲಿಗೆ ತೋರಿಸಿದಾಗ ವಿಷಯ ಹೊರಗೆ ಬಂತು. ಬೆಳಕು ಕಲ್ಲಿನೊಳಗೆ ಎಷ್ಟು ಬಾಗುತ್ತದೆ ಅಂತ ಅವರು ಅಳೆದರು. 1.79ರ ಹತ್ತಿರ ಬಂತು. ಬೊಹೀಮಿಯಾದ ಕಲ್ಲು ಗಾರ್ನೆಟ್‌ನಲ್ಲೇ ಪೈರೋಪ್ ಅನ್ನುವ ಜಾತಿಯದು, 1.75ರ ಆಸುಪಾಸು ಇರಬೇಕಿತ್ತು. ನಮ್ಮದು ಆಲ್ಮಂಡೈನ್ ಅನ್ನುವ ಇನ್ನೊಂದು ಜಾತಿ. ನಮ್ಮ ರಾಜಸ್ಥಾನವೂ ಸೇರಿ ಎಷ್ಟೋ ಕಡೆ ಸಿಗುವ, ಬೊಹೀಮಿಯಾದ್ದಕ್ಕಿಂತ ತುಂಬಾ ಅಗ್ಗದ ಕಲ್ಲು. “ಅಷ್ಟು ಚೆನ್ನಾಗಿ ಮಾತಾಡಿದ್ಲಲ್ಲೇ” ಅಂತ ಅಮ್ಮ ನೊಂದುಕೊಂಡರು. ದುಡ್ಡು ಹೋಗಿದ್ದಕ್ಕಿಂತ ಅದೇ ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ಅಂಗಡಿಗೆ ಫೋನ್ ಮಾಡಿದರೆ ಬಂದ ಉತ್ತರ ಇದು: “ಬಿಲ್ಲಿನಲ್ಲಿ ಗಾರ್ನೆಟ್ ಅಂತಿದೆ, ಗಾರ್ನೆಟ್ಟೇ ಕೊಟ್ಟಿದ್ದೇವೆ.” ಇವರ ಆಟ ಇರುವುದೇ ಇಲ್ಲಿ. ಗಾರ್ನೆಟ್ ಅನ್ನುವುದು ಒಂದೇ ಕಲ್ಲಲ್ಲ, ದೊಡ್ಡ ಕುಟುಂಬ. ನವರತ್ನದ ಗೋಮೇದಕವೂ ಅದರದ್ದೇ. ಆದ್ದರಿಂದ ಬಿಲ್ಲಿನಲ್ಲಿ ‘ಚೆಸ್ಕಿ ಗ್ರಾನಾಟ್’, ಅಂದರೆ ಜೆಕ್ ಗಾರ್ನೆಟ್, ಅಂತಲೇ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಸುಮ್ನೆ ಎದ್ದು ಬನ್ನಿ.

ಕಲ್ಲಿನ ಗಾತ್ರವನ್ನೂ ನೋಡಿ. ನಿಜವಾದದ್ದು ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್. 8 ಮಿಲಿಮೀಟರ್ ದಾಟಿದ್ದು ಬಲು ಅಪರೂಪ. ಅದಕ್ಕೇ ಅಲ್ಲಿನ ಹಳೇ ಒಡವೆಗಳಲ್ಲಿ ಸಣ್ಣ ಕಲ್ಲುಗಳನ್ನು ದಾಳಿಂಬೆ ಕಾಳಿನ ಹಾಗೆ ಒತ್ತೊತ್ತಾಗಿ ಕೂರಿಸಿರುತ್ತಾರೆ. ದೊಡ್ಡ ಕಲ್ಲು, ಅದರಲ್ಲೂ ನೇರಳೆ ಛಾಯೆಯದ್ದು ಅಂದರೆ ಅನುಮಾನ ಪಡಲೇಬೇಕು. ತುರ್ನೊವ್ ಊರಿನ ‘ಗ್ರಾನಾಟ್’ ಸಹಕಾರ ಸಂಘ ನಿಜವಾದ ಕಲ್ಲಿನ ಒಡವೆ ಮಾಡುತ್ತದೆ. ಅವರ ಒಡವೆಯ ಲೋಹದ ಮೇಲೆ ಜಿ ಅಕ್ಷರದ ಗುರುತಿರುತ್ತದೆ. ಕೊಳ್ಳಲೇಬೇಕು ಅಂದರೆ ಅವರ ಸ್ವಂತ ಮಳಿಗೆಗೆ ಹೋಗಿ, ಪ್ರಾಗ್‌ನಲ್ಲೇ ಇದೆ.

ಇನ್ನೊಂದು ಮಾತು. ಅಂಗಡಿಗೆ ಹೋಗಿ ಕೊಂಡದ್ದನ್ನು ಮನಸ್ಸು ಬದಲಾಯಿತು ಅಂತ ವಾಪಸ್ ಕೊಡುವ ಹಕ್ಕು ಅಲ್ಲಿ ಇಲ್ಲ. 14 ದಿನದ ನಿಯಮ ಆನ್‌ಲೈನ್ ಖರೀದಿಯಂಥವಕ್ಕೆ. ಆದರೆ ಸುಳ್ಳು ಹೇಳಿ ಮಾರಿದ್ದರೆ ಜೆಕ್ ವ್ಯಾಪಾರ ತಪಾಸಣಾ ಇಲಾಖೆಗೆ ದೂರು ಕೊಡಬಹುದು. ಯುರೋಪಿನ ಬೇರೆ ದೇಶದಲ್ಲಿ ಇರುವವರು ತಮ್ಮ ದೇಶದ ಯುರೋಪಿಯನ್ ಗ್ರಾಹಕ ಕೇಂದ್ರದ ನೆರವು ಕೇಳಬಹುದು, ಅದಕ್ಕೆ ಶುಲ್ಕವಿಲ್ಲ. ನಾವೂ ಅಲ್ಲಿಗೇ ಬರೆದಿದ್ದೇವೆ. ಬಿಲ್, ಸರ್ಟಿಫಿಕೇಟ್, ಅಂಗಡಿ ಬೋರ್ಡಿನ ಫೋಟೋ, ಅಕ್ಕಸಾಲಿ ಬರೆದುಕೊಟ್ಟ ಚೀಟಿ, ಎಲ್ಲವನ್ನೂ ಕೇಳಿದ್ದಾರೆ.